ಬಾಕು ಯಾವ ವಿಂಗ್‌ನಿಂದ ಬರಬೇಕು?

ಪ್ರಶ್ನೆ: ನಮ್ಮದು ಸಣ್ಣ ಊರಿನ ಹವ್ಯಾಸಿ ತಂಡ. ಶಾಲೆ ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು ಸೇರಿ ಈ ವರ್ಷ ಗಿರೀಶ ಕಾರ್ನಾಡರ 'ತುಘಲಕ್' ಕೈಗೆತ್ತಿಕೊಂಡಿದ್ದೇವೆ. ಪ್ರಾಪರ್ಟಿ, ಅಂದರೆ ರಂಗದ ಮೇಲೆ ಬಳಸುವ ಸಾಮಾನಿನ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಹಿಂದೆಂದೂ ಈ ಕೆಲಸ ಮಾಡಿದವಳಲ್ಲ. ನಾಟಕ ಓದಿ ಪಟ್ಟಿ ಮಾಡಿದೆ, 60 ದಾಟಿತು. ಕೈಯಲ್ಲಿರುವ ದುಡ್ಡು 8,000 ರೂಪಾಯಿ. ತಾಲೀಮಿಗೆ 7 ವಾರ ಇದೆ. ನಮ್ಮೂರಲ್ಲಿ ಒಂದು ಪ್ರದರ್ಶನ, ಆಮೇಲೆ ಎರಡು ಊರಲ್ಲಿ ಸ್ಪರ್ಧೆ. ಕಳೆದ ವರ್ಷದ ನಾಟಕದಲ್ಲಿ ಮುಖ್ಯವಾದ ಪತ್ರವೇ ರಂಗಕ್ಕೆ ಬರಲಿಲ್ಲ. ಆ ಭಯ ಇನ್ನೂ ಹೋಗಿಲ್ಲ. ಎಲ್ಲಿಂದ ಶುರು ಮಾಡಲಿ? ಪ್ರದರ್ಶನದ ದಿನ ನಾನು ಎಲ್ಲಿ ನಿಂತಿರಬೇಕು?

ಉತ್ತರ: ಪಟ್ಟಿ ಮಾಡಿದ್ದು ಒಳ್ಳೆಯದೇ. ಆದರೆ ಅದನ್ನು ಹಿಡಿದುಕೊಂಡು ಈಗಲೇ ಅಂಗಡಿಗೆ ಹೋಗಬೇಡಿ. ಈ ಕೆಲಸ ಹೊಸದಾಗಿ ವಹಿಸಿಕೊಂಡವರೆಲ್ಲ ಮೊದಲು ಮಾಡುವುದು ಅದನ್ನೇ, ನಾನೂ ಮಾಡಿದ್ದೇನೆ. ದುಡ್ಡು ಖಾಲಿಯಾದ ಮೇಲೆ ನಿರ್ದೇಶಕರು ಆ ದೃಶ್ಯವನ್ನೇ ಬದಲಿಸಿರುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಈಗ ಹೆಸರುಗಳಿವೆ: ಕತ್ತಿ, ಬಾಕು, ಚದುರಂಗ, ನಾಣ್ಯ, ಫರ್ಮಾನು (ಸುಲ್ತಾನನ ಆಜ್ಞಾಪತ್ರ). ಪ್ರತಿಯೊಂದರ ಮುಂದೆ ಅದರ ದಾರಿಯನ್ನೂ ಬರೆಯಿರಿ. ಯಾರು ತರುತ್ತಾರೆ, ಯಾವ ವಿಂಗ್‌ನಿಂದ ತರುತ್ತಾರೆ (ವಿಂಗ್ ಅಂದರೆ ರಂಗದ ಎಡ ಬಲದ ಮರೆ), ರಂಗದ ಮೇಲೆ ಯಾರ ಕೈಗೆ ಹೋಗುತ್ತದೆ, ಎಲ್ಲಿ ಕೂರುತ್ತದೆ, ಯಾರು ಒಳಗೆ ಒಯ್ಯುತ್ತಾರೆ, ಯಾವ ಕಡೆಗೆ. ಇಷ್ಟು ಬರೆಯಲು ಆಗದಿದ್ದರೆ ಆ ವಸ್ತು ನಾಟಕದೊಳಗೆ ಇನ್ನೂ ಬಂದಿಲ್ಲ ಎಂದೇ ಅರ್ಥ. ಕಳೆದ ವರ್ಷ ನಿಮ್ಮ ಪತ್ರ ರಂಗಕ್ಕೆ ಬರದೇ ಹೋದದ್ದೂ ಬಹುಶಃ ಹೀಗೇ. ಪತ್ರ ಇತ್ತು. ಆದರೆ ಅದನ್ನು ಒಳಗೆ ತರುವವರು ಯಾರು ಅಂತ ಯಾರೂ ಹೇಳಿರಲಿಲ್ಲ. ಎಲ್ಲರೂ ಇನ್ನೊಬ್ಬರು ತರುತ್ತಾರೆ ಅಂದುಕೊಂಡಿದ್ದರು, ಅಲ್ವಾ?

'ತುಘಲಕ್' ನಾಟಕದ್ದೇ ಉದಾಹರಣೆ ತೆಗೆದುಕೊಳ್ಳೋಣ. ಆರನೆಯ ದೃಶ್ಯದಲ್ಲಿ ಅಮೀರರು, ಅಂದರೆ ಆಸ್ಥಾನದ ಸರದಾರರು, ಪ್ರಾರ್ಥನೆಯ ಹೊತ್ತಿಗೆ ಸುಲ್ತಾನನನ್ನು ಕೊಲ್ಲಲು ಹೊಂಚು ಹಾಕಿರುತ್ತಾರೆ. ಪ್ರಾರ್ಥನೆಗೆ ಆಯುಧ ತರುವಂತಿಲ್ಲ, ಆದ್ದರಿಂದ ಬಾಕುಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಬರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಇದು 'ಬಾಕು, ಇಷ್ಟು' ಎಂದು ಒಂದೇ ಸಾಲು. ಅದರ ದಾರಿ ಬರೆಯಲು ಕೂತರೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಬಟ್ಟೆಯೊಳಗೆ ಅಂದರೆ ಎಲ್ಲಿ? ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಮಂಡಿಯೂರಿ ಬಾಗಿದಾಗ ಹೊಟ್ಟೆಗೆ ಒತ್ತುತ್ತದೆ. ನಟ ಅರ್ಧಕ್ಕೇ ಬಾಗುತ್ತಾನೆ, ಪ್ರಾರ್ಥನೆ ಸುಳ್ಳಾಗಿ ಕಾಣುತ್ತದೆ. ತೋಳಿನೊಳಗೆ ಇಟ್ಟುಕೊಂಡರೆ ಕೈ ಎತ್ತಿದಾಗ ಜಾರಿ ಬೀಳುತ್ತದೆ. ಎದೆಯ ಎಡಭಾಗದಲ್ಲಿ, ನಿಲುವಂಗಿಯ ಒಳಗೆ, ಓರೆಯಾಗಿ ಒಂದು ಜೇಬು ಬೇಕು. ಜೇಬು ಹೊಲಿಯುವವರು ವಸ್ತ್ರದವರು. ಅವರಿಗೆ ಬಾಕಿನ ಉದ್ದ ಗೊತ್ತಿರಬೇಕು. ಅಂದರೆ ನಿಲುವಂಗಿ ದರ್ಜಿಗೆ ಹೋಗುವ ಮೊದಲೇ ಬಾಕಿನ ಅಳತೆ ತೀರ್ಮಾನವಾಗಿರಬೇಕು.

ಅಲ್ಲಿಗೆ ಮುಗಿಯಲಿಲ್ಲ. ಸುಲ್ತಾನ ತನ್ನ ಕತ್ತಿ ಬಿಚ್ಚಿಟ್ಟು ಪ್ರಾರ್ಥನೆಗೆ ನಿಲ್ಲುತ್ತಾನೆ. ಕೊನೆಗೆ ಸಂಚಿನಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಇರಿಯುವವನೂ ಅವನೇ. ಹಾಗಾದರೆ ಅವನ ಕೈಗೆ ಬಾಕು ಎಲ್ಲಿಂದ ಬರುತ್ತದೆ? ಅವನದೇ ಸೊಂಟದಿಂದಲೋ? ಅಮೀರನೊಬ್ಬನ ಕೈಯಿಂದ ಕಿತ್ತುಕೊಳ್ಳುತ್ತಾನೋ? ಇದನ್ನು ನಿರ್ದೇಶಕರನ್ನೇ ಕೇಳಿ. ಪರಿಕರದವರು ಇಂಥ ಪ್ರಶ್ನೆ ಕೇಳಿದಾಗ ಒಳ್ಳೆಯ ನಿರ್ದೇಶಕರಿಗೆ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ಯಾಕೆಂದರೆ ಎರಡು ಉತ್ತರಕ್ಕೂ ಎರಡು ಬೇರೆ ದೃಶ್ಯ. ತನ್ನದೇ ಬಾಕು ತೆಗೆದರೆ ಅವನು ಮೊದಲೇ ಸಿದ್ಧನಾಗಿ ಬಂದಿದ್ದ ಎಂದಾಗುತ್ತದೆ. ಕಿತ್ತುಕೊಂಡರೆ ಆ ಕ್ಷಣದ ರೋಷ ಕಾಣುತ್ತದೆ.

ಈಗ 60ರ ಪಟ್ಟಿಯನ್ನು ಕಡಿಮೆ ಮಾಡುವ ವಿಷಯ. ನಮ್ಮ ರಂಗಭೂಮಿಯಲ್ಲಿ ಎರಡೂ ತುದಿಗಳಿವೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಯಕ್ಷಗಾನದಲ್ಲಿ ನೋಡಿ, 'ರಥ' ಎಂದು ಕರೆಯುವ ಒಂದು ಮರದ ಪೀಠ ಇರುತ್ತದೆ ಅಷ್ಟೇ. ಅದರ ಮೇಲೆ ಕೂತರೆ ಸಿಂಹಾಸನ, ಹತ್ತಿ ನಿಂತರೆ ರಥ. ಇಡೀ ರಾತ್ರಿ ಅದೊಂದರಲ್ಲೇ ನಡೆದುಹೋಗುತ್ತದೆ. ಹವ್ಯಾಸಿ ತಂಡಕ್ಕೆ ಎರಡನೆಯ ದಾರಿಯೇ ವಾಸಿ, ಬರೀ ದುಡ್ಡಿನ ಕಾರಣಕ್ಕಲ್ಲ. 'ತುಘಲಕ್'ನಲ್ಲಿ 13 ದೃಶ್ಯಗಳಿವೆ. ನ್ಯಾಯಾಲಯದ ಮುಂಭಾಗ, ಅರಮನೆ, ಮಸೀದಿ, ದೆಹಲಿಯಿಂದ ದೌಲತಾಬಾದಿಗೆ ಹೋಗುವ ದಾರಿ, ಕೋಟೆ ಅಂತ ಜಾಗ ಬದಲಾಗುತ್ತಲೇ ಇರುತ್ತದೆ. ಪ್ರತಿ ಜಾಗಕ್ಕೂ ಸಾಮಾನು ತುಂಬಿದರೆ ನಿಮ್ಮ ಪ್ರೇಕ್ಷಕರು ನಾಟಕಕ್ಕಿಂತ ಜಾಸ್ತಿ, ದೃಶ್ಯ ಬದಲಿಸಲು ದೀಪ ಆರಿಸುವ ಬ್ಲಾಕ್‌ಔಟ್ ನೋಡುತ್ತಾರೆ.

ಆದ್ದರಿಂದ ಪಟ್ಟಿಯ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ನಟ ಮುಟ್ಟುತ್ತಾನಾ? ಮುಟ್ಟದೇ ಸುಮ್ನೆ ಅಲಂಕಾರಕ್ಕೆ ಇರುವುದಾದರೆ ಅದು ಸಜ್ಜಿಕೆಯವರ (ಸೆಟ್ ಮಾಡುವವರ) ತಲೆನೋವು. ಮುಟ್ಟಿದರೆ ನಿಮ್ಮದು. ಹೀಗೆ ಜರಡಿ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಉದುರಿಹೋಗಬಹುದು. ಕತ್ತಿಯ ಪಟ್ಟಿ, ಕಿರೀಟ, ಜಪಮಾಲೆ ಇಂಥವು ಯಾರಿಗೆ ಸೇರಿದ್ದು ಎಂಬುದನ್ನು ವಸ್ತ್ರದವರ ಜೊತೆ ಕೂತು ಮೊದಲ ವಾರವೇ ತೀರ್ಮಾನ ಮಾಡಿಕೊಳ್ಳಿ. ನಡುವೆ ಬಿದ್ದುಹೋಗುವುದು ಯಾವಾಗಲೂ ಇಂಥವೇ.

ಇನ್ನು ಉಳಿದವುಗಳಲ್ಲಿ ಮೂರು ವಸ್ತುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ನಾಟಕಕ್ಕೆ ಅವು ಮುಖ್ಯ.

ಮೊದಲನೆಯದು ಚದುರಂಗ. ಎರಡನೆಯ ದೃಶ್ಯ ಶುರುವಾಗುವಾಗ ಸುಲ್ತಾನ ಚದುರಂಗದ ಮಣೆಯ ಮುಂದೆ ಮುಳುಗಿಹೋಗಿರುತ್ತಾನೆ. ಅವನ ಸ್ವಭಾವವೆಲ್ಲ ಆ ಮಣೆಯಲ್ಲೇ ಇದೆ. ಇದಕ್ಕೆ ಆಟದ ಸಾಮಾನಿನ ಅಂಗಡಿಯ ಚೆಸ್ ಬೋರ್ಡ್ ತರಬೇಡಿ. ಈಗಿನ ಚೆಸ್ ರಾಜನ ತಲೆ ಮೇಲೆ ಶಿಲುಬೆ ಇರುತ್ತದೆ, ಗಮನಿಸಿದ್ದೀರಾ? ಹದಿನಾಲ್ಕನೆಯ ಶತಮಾನದ ದೆಹಲಿಯ ಸುಲ್ತಾನನ ಮುಂದೆ ಅದು ಹೇಗೆ ಬರುತ್ತದೆ? ಆ ಕಾಲದ ಮುಸ್ಲಿಂ ದೇಶಗಳ ಕಾಯಿಗಳು ಬಹುಪಾಲು ಮುಖ, ಮೈ ಇಲ್ಲದ ಸರಳ ಆಕಾರದವು. ಮರಗೆಲಸದವರ ಹತ್ತಿರ ಬಿದ್ದಿರುವ ಚೂರುಗಳಲ್ಲೇ ಮಾಡಿಕೊಳ್ಳಬಹುದು. ಗುಮ್ಮಟದಂಥದು, ಚೌಕದ ಕಂಬದಂಥದು, ಸಣ್ಣ ಗುಂಡುಗಳು. ಮಣೆ ದೊಡ್ಡದಿರಲಿ, ಒಂದೂವರೆ ಅಡಿ ಚೌಕ. ಕಾಯಿಗಳೂ ನಾಲ್ಕು ಬೆರಳು ಎತ್ತರ ಇರಲಿ. ಹಿಂದಿನ ಸಾಲಿನವರಿಗೂ ಅದು ಚದುರಂಗ ಎಂದು ತಿಳಿಯಬೇಕು.

ಇನ್ನೊಂದು ಮಾತು. ಸುಲ್ತಾನ ಯಾವ ಎರಡು ಮೂರು ಕಾಯಿಗಳನ್ನು ಸರಿಸುತ್ತಾನೆ ಎಂದು ತಾಲೀಮಿನಲ್ಲಿ ಗಟ್ಟಿ ಮಾಡಿಕೊಂಡು ಅಷ್ಟನ್ನು ಬಿಟ್ಟು ಉಳಿದ ಎಲ್ಲವನ್ನೂ ಮಣೆಗೆ ಅಂಟಿಸಿಬಿಡಿ. ಬ್ಲಾಕ್‌ಔಟ್‌ನಲ್ಲಿ ಮಣೆ ಎತ್ತಿಕೊಂಡು ಓಡುವ ಹುಡುಗ ಎಡವಿದರೂ ಕಾಯಿಗಳು ಚೆಲ್ಲುವುದಿಲ್ಲ. ಕತ್ತಲಲ್ಲಿ ರಂಗದ ಮೇಲೆ ಉರುಳಿಹೋದ ಒಂದು ಗುಂಡು ಕಾಯಿ ಮುಂದಿನ ದೃಶ್ಯದಲ್ಲಿ ಯಾರ ಕಾಲು ಬೇಕಾದರೂ ಮುರಿಯಬಹುದು.

ಎರಡನೆಯದು ನಾಣ್ಯ. ತಾಮ್ರದ ನಾಣ್ಯವೇ ಈ ನಾಟಕದ ಅರ್ಧ ದುರಂತ. ಬೆಳ್ಳಿಯಷ್ಟೇ ಬೆಲೆ ಎಂದು ಸುಲ್ತಾನ ಸಾರುತ್ತಾನೆ, ಆಮೇಲೆ ಖೋಟಾ ನಾಣ್ಯ ಗಾಡಿಗಟ್ಟಲೆ ಬರುತ್ತದೆ, ಅವನು ಅದನ್ನು ಗುಲಾಬಿ ತೋಟದಲ್ಲಿ ಸುರಿಸುತ್ತಾನೆ. ರಾಶಿಯನ್ನು ತೋರಿಸಬೇಕೋ, ಬರೀ ಮಾತಿನಲ್ಲಿ ಬಿಡಬೇಕೋ ಎನ್ನುವುದು ನಿರ್ದೇಶಕರ ಆಯ್ಕೆ. ನನ್ನನ್ನು ಕೇಳಿದರೆ ರಾಶಿ ಬೇಡ, ಒಂದೆರಡು ಗೋಣಿಚೀಲ ಸಾಕು. ಪ್ರೇಕ್ಷಕರು ನಾಣ್ಯವನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ನೋಡುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣದ ವಾಷರ್‌ಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ದಪ್ಪ ಬಟ್ಟೆಯ ಚೀಲಕ್ಕೆ ಎರಡು ಹಿಡಿ ವಾಷರ್ ಹಾಕಿ ಅಲ್ಲಾಡಿಸಿ ನೋಡಿ, ಆ ಝಣಝಣ ಕೊನೆಯ ಸಾಲಿಗೂ ಮುಟ್ಟುತ್ತದೆ. ಪ್ಲಾಸ್ಟಿಕ್ಕಿನ ಚಿನ್ನದ ನಾಣ್ಯ ಎಷ್ಟು ಹೊಳೆದರೂ ಆ ಸದ್ದು ಬರುವುದಿಲ್ಲ. ಕೈಯಲ್ಲಿ ಹಿಡಿದು ತೋರಿಸಲು ಮಾತ್ರ ಹತ್ತು ಹನ್ನೆರಡು ತಾಮ್ರದ ಬಿಲ್ಲೆ ಕತ್ತರಿಸಿಕೊಳ್ಳಿ, ಅಂಚು ಉಜ್ಜಿ ನುಣುಪು ಮಾಡಿ.

ಗೋಣಿಚೀಲಕ್ಕೆ ಹೊಟ್ಟೋ ತೆಂಗಿನ ನಾರೋ ತುಂಬುತ್ತೀರಿ. ಸರಿ. ಆದರೆ ತಳದಲ್ಲಿ ಮೂರು ನಾಲ್ಕು ಕಿಲೋ ಮರಳಿನ ಗಂಟು ಇಡಿ. ಬರೀ ಹೊಟ್ಟಿನ ಚೀಲ ಹೊತ್ತು ಭಾರ ನಟಿಸುವ ಹುಡುಗ ಎರಡು ಹೆಜ್ಜೆಗೆ ಮರೆತುಬಿಡುತ್ತಾನೆ. ಮರಳಿದ್ದರೆ ಅವನ ಬೆನ್ನು ತಾನಾಗೇ ಬಾಗುತ್ತದೆ, ಕೆಳಗೆ ಹಾಕಿದಾಗ 'ಧಪ್' ಎನ್ನುತ್ತದೆ. ನಟನಿಗೆ ಪರಿಕರ ಮಾಡಬಹುದಾದ ದೊಡ್ಡ ಉಪಕಾರ ಇದೇ, ಅವನು ನಟಿಸಬೇಕಾದ್ದರಲ್ಲಿ ಒಂದು ಪಾಲನ್ನು ತಾನು ಹೊತ್ತುಕೊಳ್ಳುವುದು.

ಮೂರನೆಯದು ಆಯುಧ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಿಜವಾದ ಕತ್ತಿ, ಚಾಕು ರಂಗದ ಮೇಲೆ ಬರಕೂಡದು. ಮೊಂಡಾಗಿದೆ, ಪರವಾಗಿಲ್ಲ ಎನ್ನುವವರು ಇರುತ್ತಾರೆ. ಮೊಂಡು ಕಬ್ಬಿಣವೂ ಕಣ್ಣಿಗೆ ತಗುಲಿದರೆ ಕಬ್ಬಿಣವೇ. ಇದೇನೂ ಹೊಸ ಎಚ್ಚರಿಕೆಯಲ್ಲ. ಸುಮಾರು ಎರಡು ಸಾವಿರ ವರ್ಷ ಹಳೆಯ ನಾಟ್ಯಶಾಸ್ತ್ರ ಆಹಾರ್ಯದ (ವೇಷಭೂಷಣ, ಪರಿಕರಗಳ) ಬಗ್ಗೆ ಹೇಳುವಾಗಲೇ ಲೋಹದ ಭಾರದ ವಸ್ತುಗಳು ನಟನನ್ನು ದಣಿಸುತ್ತವೆ, ಅರಗು, ಮರ, ಬಿದಿರು, ತೊಗಲು, ಬಟ್ಟೆಗಳಲ್ಲಿ ಹಗುರಾಗಿ ಮಾಡಿ ಎನ್ನುತ್ತದೆ. ಆಯುಧದಿಂದ ನಿಜವಾಗಿ ಇರಿಯದೆ, ಕಡಿಯದೆ, ಬರೀ ಅಭಿನಯದಲ್ಲಿ ತೋರಿಸಬೇಕು ಎಂದೂ ಹೇಳುತ್ತದೆ. ನಮ್ಮ ಹಿಂದಿನವರು ಇದನ್ನೆಲ್ಲ ಪೆಟ್ಟು ತಿಂದೇ ಕಲಿತಿರಬೇಕು.

ಬಾಕನ್ನು ಹಗುರ ಮರದಲ್ಲಿ ಮಾಡಿಸಿ. ತುದಿಯನ್ನು ಉಗುರಿನಷ್ಟು ಅಗಲಕ್ಕೆ ದುಂಡಗೆ ಉಜ್ಜಿ. ಮೇಲೆ ಬೆಳ್ಳಿ ಕಾಗದ ಅಂಟಿಸಬೇಡಿ, ಅದು ಲೈಟಿಗೆ ಕನ್ನಡಿ ಹಿಡಿದಂತೆ ಮಿಂಚುತ್ತದೆ, ಎರಡು ತಾಲೀಮಿಗೆ ಸುಕ್ಕಾಗುತ್ತದೆ. ಅಲ್ಯೂಮಿನಿಯಂ ಪೇಂಟಿಗೆ ಒಂದು ಹನಿ ಕಪ್ಪು ಬೆರೆಸಿ ಹಚ್ಚಿ, ಅಂಚಿಗೆ ಮಾತ್ರ ತಿಳಿ ಬಣ್ಣ ಎಳೆಯಿರಿ. ಒತ್ತಿದರೆ ಒಳಗೆ ಹೋಗುವ ಸ್ಪ್ರಿಂಗ್ ಚಾಕು ನಂಬಬೇಡಿ. ಸ್ಪ್ರಿಂಗ್ ಸಿಕ್ಕಿಕೊಳ್ಳುವುದು ಪ್ರದರ್ಶನದ ದಿನವೇ. ಸುಲ್ತಾನ ಶಿಹಾಬುದ್ದೀನನನ್ನು ಮತ್ತೆ ಮತ್ತೆ ಇರಿಯುತ್ತಾನೆ. ಅದನ್ನು ಪ್ರೇಕ್ಷಕರಿಗೆ ಒಬ್ಬರ ಬೆನ್ನು ಕಾಣುವಂತೆ ನಿಲ್ಲಿಸಿ, ಬಾಕು ತೋಳು ಮತ್ತು ಪಕ್ಕೆಯ ನಡುವೆ ಹಾದುಹೋಗುವಂತೆ ಮಾಡಿದರೆ ಮೈಗೆ ತಾಗುವ ಪ್ರಶ್ನೆಯೇ ಇಲ್ಲ. ಮೊದಲು ಎಣಿಕೆ ಹಾಕಿಕೊಂಡು ನಿಧಾನಕ್ಕೆ, ಆಮೇಲೆ ವೇಗ. ಪ್ರತಿ ಪ್ರದರ್ಶನಕ್ಕೂ ಮುಂಚೆ ಆ ಇಬ್ಬರು ನಟರು ಇದನ್ನು ಒಮ್ಮೆ ಮಾಡಲೇಬೇಕು. ಮೇಕಪ್ ಆಗಿದೆ, ಟೈಮ್ ಇಲ್ಲ ಅಂದರೂ ಬಿಡಬೇಡಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಫರ್ಮಾನಿನ ಕಾಗದವನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಎರಡೂ ತುದಿಗೆ ಬಿದಿರು ಕಡ್ಡಿ ಅಂಟಿಸಿ, ಇಲ್ಲದಿದ್ದರೆ ಓದುವಾಗ ಸುರುಳಿ ಸುತ್ತಿಕೊಳ್ಳುತ್ತದೆ. ಒಳಗೆ ನಿಜವಾಗಿ ಬರಹ ಇರಲಿ, ಖಾಲಿ ಕಾಗದ ನೋಡುವ ಕಣ್ಣು ಬೇರೆ ರೀತಿ ಓಡಾಡುತ್ತದೆ. ಆಣೆ ಇಡುವ ಸಂದರ್ಭಕ್ಕೆ ನಿಜವಾದ ಧರ್ಮಗ್ರಂಥ ಬಳಸಬೇಡಿ. ಮರದ ಪುಟ್ಟ ಪೆಟ್ಟಿಗೆಗೆ ಹಸಿರು ಬಟ್ಟೆ ಸುತ್ತಿ, ಅದನ್ನೂ ಮರ್ಯಾದೆಯಿಂದಲೇ ಎತ್ತಿಡಿ. ಪಂಜು ಬೇಕಾದರೆ ಬ್ಯಾಟರಿ ಲೈಟಿಗೆ ಕಿತ್ತಳೆ ಬಣ್ಣದ ಜೆಲಟಿನ್ ಹಾಳೆ ಕಟ್ಟಿ. ಬಹಳಷ್ಟು ರಂಗಮಂದಿರಗಳಲ್ಲಿ ಬೆಂಕಿಗೆ ಅನುಮತಿ ಇಲ್ಲ. ಹಾಂ, ಹುಕ್ಕಾ! ಸುಲ್ತಾನನ ಅರಮನೆ ಎಂದ ಕೂಡಲೇ ಹುಕ್ಕಾ ತಂದಿಡುವ ತಂಡಗಳನ್ನು ನೋಡಿದ್ದೇನೆ. ತಂಬಾಕು ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ, ತುಘಲಕ್ ಸತ್ತು ನೂರೈವತ್ತು ವರ್ಷಕ್ಕೂ ಮೇಲೆ. ನಿಮ್ಮ ಪಟ್ಟಿಯಲ್ಲಿ ಅದಿದ್ದರೆ ಈಗಲೇ ಹೊಡೆದುಹಾಕಿ.

7 ವಾರ ಹೇಗೆ ಕಳೆಯಬೇಕು? ಮೊದಲ ವಾರ ನೀವು ಏನನ್ನೂ ತರಬೇಕಿಲ್ಲ. ತಾಲೀಮಿನಲ್ಲಿ ಕೂತು ನೋಡಿ, ಬರೆಯಿರಿ. ಎರಡನೆಯ ವಾರದಿಂದ ಪ್ರತಿ ವಸ್ತುವಿಗೂ ಒಂದು ಬದಲಿ ನಟರ ಕೈಗೆ ಬರಬೇಕು. ಬಾಕಿಗೆ ಅಷ್ಟೇ ಉದ್ದದ ರೀಪರ್ ತುಂಡು, ಫರ್ಮಾನಿಗೆ ಹಳೆ ಕ್ಯಾಲೆಂಡರ್. ನೋಡಲು ಹೇಗಿದ್ದರೂ ಸರಿ, ಉದ್ದ ಮತ್ತು ತೂಕ ಮಾತ್ರ ಅದೇ ಇರಬೇಕು. ಐದನೆಯ ವಾರದ ಕೊನೆಗೆ ಅಸಲಿ ವಸ್ತು ಬಂದುಬಿಡಲಿ. ಕೊನೆಯ ಗಳಿಗೆಯಲ್ಲಿ ಮೊದಲ ಸಲ ಅಸಲಿ ವಸ್ತು ಕೊಟ್ಟರೆ ಏನಾಗುತ್ತದೆ ಎಂದು ನನ್ನದೇ ಒಂದು ಪ್ರಸಂಗ ಹೇಳುತ್ತೇನೆ.

ಒಂದು ನಾಟಕದಲ್ಲಿ ತಾಯಿ ಸಾಯುತ್ತಿರುವ ಮಗನಿಗೆ ನೀರು ಕುಡಿಸಿ ಚೊಂಬನ್ನು ಪಕ್ಕಕ್ಕಿಡುವ ದೃಶ್ಯವಿತ್ತು. ತಿಂಗಳಿಡೀ ಪ್ಲಾಸ್ಟಿಕ್ ಚೊಂಬಿನಲ್ಲೇ ತಾಲೀಮು ಮಾಡಿಸಿದ್ದೆ. ಪ್ರದರ್ಶನಕ್ಕೆ ನಮ್ಮಜ್ಜಿಯ ಹಿತ್ತಾಳೆ ಚೊಂಬು ತಂದುಕೊಟ್ಟೆ, ಹುಣಸೆಹಣ್ಣು ಹಚ್ಚಿ ಬೆಳಗಿ. ನೋಡಲು ಎಷ್ಟು ಚೆನ್ನಾಗಿತ್ತು! ಆಕೆ ಅದನ್ನು ಮರದ ಲೆವೆಲ್ (ರಂಗದ ಮೇಲಿಡುವ ಎತ್ತರದ ಕಟ್ಟೆ) ಮೇಲೆ ಇಟ್ಟಾಗ 'ಠಣ್' ಎಂದಿತು. ಕೆಳಗೆ ಟೊಳ್ಳಾದ್ದರಿಂದ ಆ ಸದ್ದು ಇಡೀ ಸಭಾಂಗಣಕ್ಕೆ ಗುಂಯ್‌ಗುಟ್ಟಿತು. ಸರಿಯಾಗಿ ಆಗಲೇ ಮಗ ತನ್ನ ಕೊನೆಯ ಮಾತು ಹೇಳಿದ್ದ. ಯಾರಿಗೂ ಕೇಳಲಿಲ್ಲ. ಆ ಹುಡುಗ ಆ ಸಾಲಿಗಾಗಿ ತಿಂಗಳು ದುಡಿದಿದ್ದ. ಮರುದಿನ ಚೊಂಬಿನ ತಳಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ದುಂಡಗೆ ಕತ್ತರಿಸಿ ಅಂಟಿಸಿದೆ. ಎರಡು ನಿಮಿಷದ ಕೆಲಸ. ಅವತ್ತಿನಿಂದ ಯಾವ ಲೋಹದ ಪಾತ್ರೆ ಕೈಗೆ ಬಂದರೂ ಮೊದಲು ರಂಗದ ಮೇಲೆ ಇಟ್ಟು ಕಿವಿಗೊಟ್ಟು ಕೇಳುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ 8,000 ರೂಪಾಯಿ ಇಕ್ಕಟ್ಟಾದರೂ ಸಾಕಾಗುತ್ತದೆ. ಮೊದಲು ಯಾರ ಮನೆಯಿಂದ ಏನು ಕೇಳಿ ತರಬಹುದು ನೋಡಿ. ಆಮೇಲೆ ಯಾವುದನ್ನು ಕೈಯಲ್ಲೇ ಮಾಡಬಹುದು ನೋಡಿ. ಕೊಳ್ಳುವುದು ಕೊನೆಗೆ. ತಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾರದು, ಯಾವತ್ತು ತಂದದ್ದು, ಯಾವತ್ತು ಮರಳಿಸಬೇಕು. ಒಡೆದರೆ ಮತ್ತೆ ಸಿಗದಂಥ ವಸ್ತು, ಹಿರಿಯರ ನೆನಪಿನ ವಸ್ತು ಎರವಲು ತರಬೇಡಿ. ಕೊಟ್ಟವರು ಬಾಯಿ ಬಿಟ್ಟು ಹೇಳದಿದ್ದರೂ ಮುಂದಿನ ವರ್ಷ ಅವರ ಮನೆ ಬಾಗಿಲು ನಿಮಗೆ ತೆರೆಯುವುದಿಲ್ಲ. ಒಟ್ಟು ದುಡ್ಡಿನಲ್ಲಿ 1,000 ರೂಪಾಯಿ ಮುಟ್ಟದೇ ಇಟ್ಟುಕೊಳ್ಳಿ. ಎರಡನೆಯ ಪ್ರದರ್ಶನಕ್ಕೆ ಏನಾದರೂ ಮುರಿದೇ ಇರುತ್ತದೆ.

ಇನ್ನು ಪ್ರದರ್ಶನದ ದಿನ. ಎರಡೂ ವಿಂಗ್‌ನಲ್ಲಿ ಒಂದೊಂದು ಮೇಜು ಬೇಕು. ಮೇಜಿನ ಮೇಲೆ ಬ್ರೌನ್ ಪೇಪರ್ ಹಾಸಿ ಗಮ್ ಟೇಪ್ ಅಂಟಿಸಿ. ಆ ಕಡೆಯಿಂದ ಹೋಗುವ ಪ್ರತಿ ವಸ್ತುವನ್ನೂ ಅದರ ಮೇಲಿಟ್ಟು ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಒಳಗೆ ವಸ್ತುವಿನ ಹೆಸರು, ದೃಶ್ಯದ ನಂಬರ್, ಒಯ್ಯುವವರ ಹೆಸರು. ಈಗ ಒಂದು ನೋಟಕ್ಕೆ ಗೊತ್ತಾಗುತ್ತದೆ, ಗೆರೆಯೊಳಗೆ ವಸ್ತು ಇಲ್ಲ ಅಂದರೆ ಅದು ರಂಗದ ಮೇಲಿರಬೇಕು. ರಂಗದ ಮೇಲೂ ಇಲ್ಲದಿದ್ದರೆ ಆಗಲೇ ಹುಡುಕಲು ಓಡಬೇಕು. ನಿಮ್ಮ ಪತ್ರದ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ತಮ್ಮದಲ್ಲದ ವಸ್ತುವನ್ನು ಯಾರೂ ಮುಟ್ಟಬಾರದು. ಕಾಫಿ ಲೋಟ, ಮೊಬೈಲ್, ಹೂವಿನ ಪೊಟ್ಟಣ ಆ ಮೇಜಿನ ಮೇಲೆ ಬರಬಾರದು. ಇದನ್ನು ನಿರ್ದೇಶಕರ ಬಾಯಿಂದಲೇ ಎಲ್ಲರಿಗೂ ಹೇಳಿಸಿ. ಮೇಜಿನ ಮೇಲೆ ಸಣ್ಣ ನೀಲಿ ಬಲ್ಬ್, ರಂಗದ ಮೇಲೆ ವಸ್ತು ಇಡಬೇಕಾದ ಜಾಗಕ್ಕೆ ರೇಡಿಯಂ ಟೇಪಿನ ಚುಕ್ಕೆ.

ಒಂದು ವಸ್ತು ಎಡಕ್ಕೆ ಹೋಗಿ ಮುಂದಿನ ಸಲ ಬಲದಿಂದ ಬರಬೇಕಾದರೆ ಅದನ್ನು ಹಿಂದಿನಿಂದ ದಾಟಿಸುವವರು ಬೇಕು. ಇದನ್ನು ಯಾರೂ ಯೋಚಿಸಿರುವುದಿಲ್ಲ. ನೀವು ಬರೆದ ದಾರಿಯ ಪಟ್ಟಿಯಲ್ಲಿ ಅಂಥ ಕಡೆಗಳಿಗೆ ಕೆಂಪು ಗುರುತು ಹಾಕಿ. ಡಂಗುರದವನ ಡೋಲು ನಿಮಗೆ ಹೀಗೆ ಕಾಡಬಹುದು, ನೋಡಿಕೊಳ್ಳಿ.

ಸ್ಪರ್ಧೆಯ ಊರಿಗೆ ಹೋಗುವಾಗಲೂ ಇದೇ ಲೆಕ್ಕ ಕೈಹಿಡಿಯುತ್ತದೆ. 1985ರಿಂದ ಊರೂರು ಸುತ್ತುತ್ತಿರುವ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟದ ತಂಡ ನಿಮ್ಮ ಕಡೆ ಬಂದರೆ ನಾಟಕ ಮುಗಿದ ಮೇಲೂ ಅರ್ಧ ಗಂಟೆ ನಿಂತು, ಅವರು ಸಾಮಾನು ಕಟ್ಟುವುದನ್ನು ನೋಡಿ. ನಾಳೆ ಇನ್ನೊಂದು ಊರು ಎಂದು ಗೊತ್ತಿರುವವರ ಕೈ ಹೇಗೆ ಓಡುತ್ತದೆ ಎಂದು ತಿಳಿಯುತ್ತದೆ. ನಿಮಗೆ ಎರಡು ಟ್ರಂಕ್ ಸಾಕು, ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ದೃಶ್ಯದ ಪ್ರಕಾರ ಜೋಡಿಸಬೇಡಿ, ವಿಂಗ್ ಪ್ರಕಾರ ಜೋಡಿಸಿ. ಬ್ರೌನ್ ಪೇಪರನ್ನೂ ಮಡಚಿ ಒಳಗಿಡಿ. ಸ್ಪರ್ಧೆಯಲ್ಲಿ ರಂಗ ಸಿದ್ಧ ಮಾಡಲು ಕೊಡುವ ಸಮಯ ಬಹಳ ಕಡಿಮೆ. ಆಗ ಪೇಪರ್ ಹಾಸಿ, ಗೆರೆಯೊಳಗೆ ವಸ್ತು ಇಡುತ್ತಾ ಹೋದರೆ ಆಯಿತು, ಯೋಚಿಸುವ ಕೆಲಸವೇ ಇಲ್ಲ. ಸ್ಪರ್ಧೆಯವರು ಎಡ ಬಲ ಎನ್ನುವುದು ಪ್ರೇಕ್ಷಕರ ಕಡೆಯಿಂದಲೋ ನಟರ ಕಡೆಯಿಂದಲೋ ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ತಂಡದೊಳಗೂ ಒಂದನ್ನೇ ಬಳಸಿ.

ಕೊನೆಗೆ ನೀವು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಬಾಕುಗಳು ಯಾವ ವಿಂಗ್‌ನಿಂದ ಒಳಗೆ ಹೋಗುತ್ತವೋ ಅಲ್ಲಿ. ಇನ್ನೊಂದು ಕಡೆಗೆ ನಂಬಿಕೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ, ಪ್ರದರ್ಶನದ ವಾರದ ಎಲ್ಲ ತಾಲೀಮಿಗೂ ಅವರೇ ಬಂದಿರಬೇಕು. ಐದನೆಯ ದೃಶ್ಯ ಮುಗಿದು ಆರನೆಯದು ಶುರುವಾಗುವ ಮೊದಲು ಪ್ರತಿಯೊಬ್ಬ ಅಮೀರನ ಕೈಗೂ ನೀವೇ ಬಾಕು ಕೊಡಿ. ಅವನು ಒಳಜೇಬಿಗೆ ಇಟ್ಟುಕೊಳ್ಳುವವರೆಗೆ ನೋಡಿ. ನಾಟಕ ಮುಗಿದು ಪರದೆ ಬಿದ್ದಾಗ ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಓಡುತ್ತಾರೆ. ನೀವು ಐದು ನಿಮಿಷ ತಡವಾಗಿ ಹೋಗಿ. ಮೊದಲು ಬಾಕುಗಳನ್ನು ಎಣಿಸಿಕೊಳ್ಳಿ, ಆಮೇಲೆ ಚದುರಂಗದ ಆ ಎರಡು ಮೂರು ಬಿಡಿ ಕಾಯಿಗಳನ್ನು.